ದೊಡ್ಡ ಸರ್ಕಾರದ ನಂಬರು

ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಯಾರೋ ಕ್ಯಾನಿಗೆ ಪೆಟ್ರೋಲ್ ತುಂಬಿಸುವಾಗ ಒಂದಿಷ್ಟು ಚೆಲ್ಲಿ, ಹಳೇ ಬಟ್ಟೆಯಿಂದ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು. ಪಾಪ, ಆ ಮನುಷ್ಯನದೇನೂ ತಪ್ಪಿಲ್ಲ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಕಂಡರೆ ನನಗೆ ಎದುರುಮನೆಯ ಅಕ್ಕ ನೆನಪಾಗುತ್ತಾಳೆ. ಅವಳ ಬೆನ್ನಿಗೇ ಅವಳ ಗಂಡನ ಮೇಲಿನ ಸಿಟ್ಟೂ ಬರುತ್ತದೆ.

ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ನಮ್ಮ ಬಾಗಿಲು ತೆರೆದರೆ ಅವರ ಬಾಗಿಲು. ಕುಂದಾಪುರದ ಕಡೆಯವರು. ನಾನು ಮೈಸೂರಿನಿಂದ ಬಂದ ಹೊಸದರಲ್ಲಿ ಕಸವನ್ನು ತಪ್ಪು ಡಬ್ಬಕ್ಕೆ ಹಾಕಿ ಕೆಳಮನೆಯವರಿಂದ ಬೈಸಿಕೊಂಡಾಗ, ತಟ್ಟೆ ತುಂಬ ನೀರುದೋಸೆ ತಂದುಕೊಟ್ಟು ಯಾವ ಕಸ ಯಾವ ಡಬ್ಬಕ್ಕೆ ಎಂದು ಕಲಿಸಿದವಳು ಅವಳೇ. ಅಂದಿನಿಂದ ಅವಳು ನನಗೆ ಅಕ್ಕ, ಅವಳ ಗಂಡ ಭಾವ. ಫ್ರೀಜರಿನ ಡಬ್ಬಿಗಳ ಮೇಲೆಲ್ಲ ಕಪ್ಪು ಮಾರ್ಕರಿನಲ್ಲಿ ದುಂಡಗೆ ಬರೆದಿಡುವುದು ಅಕ್ಕನ ಅಭ್ಯಾಸ. ಆ ಮಾರ್ಕರ್ ಸದಾ ಅವಳ ಬ್ಯಾಗಿನಲ್ಲೇ ಇರುತ್ತಿತ್ತು.

ಚಿಕ್ಕಂದಿನಲ್ಲಿ ಅವಳು ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದಳಂತೆ. ದೋಣಿಯ ಅಂಚಿಗೆ ಕೂತು ದಡ ಸಿಗುವವರೆಗೂ ಕೈಯನ್ನು ನೀರಿನಲ್ಲಿ ಬಿಟ್ಟುಕೊಂಡು... ಕಾಯಿಲೆ ಬಿದ್ದ ಮೇಲೆ ಅದನ್ನೇ ಆಸೆಪಟ್ಟಳು. ಭಾವನ ಹತ್ತಿರ ಹಳೆಯದೊಂದು ಪುಟ್ಟ ಮೋಟಾರು ದೋಣಿ ಇತ್ತು. ಆದರೆ ನಮ್ಮ ಪಕ್ಕದ ರೈನ್ ನದಿಯ ಸೆಳೆತ, ಸರಕಿನ ಹಡಗುಗಳು ಎಬ್ಬಿಸುವ ಅಲೆ ಅಂದರೆ ಅವಳಿಗೆ ಹೆದರಿಕೆ. ನಿಂತ ನೀರು ಬೇಕು, ಬೋಡೆನ್‌ಸೇ ಸರೋವರಕ್ಕೆ ಹೋಗೋಣ ಅಂದಳು. ಅಲ್ಲಿ ಪ್ರವಾಸಿಗರ ಹಡಗೇ ಇದೆಯಲ್ಲ ಎಂದು ನಾನು ಹೇಳಿದ್ದಕ್ಕೆ ನಕ್ಕುಬಿಟ್ಟಳು.

"ದೊಡ್ಡ ಹಡಗಲ್ಲಿ ಕೂತ್ರೆ ನೀರಿಗೆ ಕೈ ಎಟಕುದಿಲ್ಲ ಮಾರಾಯ್ತಿ."

ಭಾವನ ದೋಣಿಗೆ ಇದ್ದದ್ದು ಕೇಂದ್ರ ಸರ್ಕಾರದ ಜಲಮಾರ್ಗ ಕಚೇರಿ ಕೊಟ್ಟ ನಂಬರು. ರೈನ್ ನದಿಗೆ ಅದು ಸಾಕು, ಸರೋವರಕ್ಕೆ ನಡೆಯುವುದಿಲ್ಲ. ಅಲ್ಲಿಯ ಜಿಲ್ಲಾ ಕಚೇರಿ ಮೋಟಾರಿನ ಹೊಗೆಯನ್ನೂ ನೋಡಿ ಬೇರೆಯೇ ಪರವಾನಗಿ ಕೊಡಬೇಕು. ಇದನ್ನು ನಾನು ಬಡಕೊಂಡೆ. ಭಾವ ಕಿವಿಗೇ ಹಾಕಿಕೊಳ್ಳಲಿಲ್ಲ. ಊರಲ್ಲಿ ಒಮ್ಮೆ ಬೇರೆ ರಾಜ್ಯದ ಕಾರು ಓಡಿಸಿ ಆರ್‌ಟಿಓದವರ ಕೈಗೆ ಸಿಕ್ಕು ಒದ್ದಾಡಿದ್ದರಂತೆ. ಆ ತರಲೆಯೆಲ್ಲ ನಮ್ಮಲ್ಲಿ ಮಾತ್ರ, ಜರ್ಮನಿಯಲ್ಲಿ ದೊಡ್ಡ ಸರ್ಕಾರದ ನಂಬರು ಇದ್ದರೆ ಯಾರೂ ಕೇಳುವಂತಿಲ್ಲ ಎಂದು ಅವರ ವಾದ.

ಕೇಳಿದರು. ದೋಣಿ ಇಳಿಸುವ ಜಾಗದಲ್ಲೇ ಬಂದರಿನ ಅಧಿಕಾರಿ ತಡೆದ. ಜೊತೆಗೆ ಹೋಗಿದ್ದ ನಾನು ಜಗಳಕ್ಕೇ ನಿಂತಿದ್ದೆ. ಆದರೆ ಆತ ಅಕ್ಕ ಕೂದಲುದುರಿದ ತಲೆಗೆ ಕಟ್ಟಿದ್ದ ಸ್ಕಾರ್ಫ್ ನೋಡಿ ದನಿ ತಗ್ಗಿಸಿದ. ಮೋಟಾರು ಬಿಚ್ಚಿ ದಡದಲ್ಲಿಡಿ, ಹುಟ್ಟು ಹಾಕಿಕೊಂಡು ಹೋಗಿ, ಅದಕ್ಕೆ ಪರವಾನಗಿ ಬೇಡ, ದೋಣಿಯ ಮೇಲೆ ಹೆಸರು ವಿಳಾಸ ಇದ್ದರಾಯಿತು ಎಂದ. ಎರಡು ಹುಟ್ಟುಗಳೂ ದೋಣಿಯಲ್ಲೇ ಬಿದ್ದಿದ್ದವು. ಅಕ್ಕ ಒಂದು ಕ್ಷಣ ತಡಮಾಡಲಿಲ್ಲ. ಮಾರ್ಕರ್ ತೆಗೆದು ದೋಣಿಯ ಪಕ್ಕಕ್ಕೆ ತನ್ನ ಹೆಸರು, ಮನೆಯ ವಿಳಾಸ ಬರೆದೇಬಿಟ್ಟಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡದ್ದು ಅವತ್ತೇ.

ಸುತ್ತಲಿನ ಜನ ನೋಡುತ್ತಿದ್ದರು. ಭಾವನಿಗೆ ಅದೇ ತಡೆಯಲಾಗಲಿಲ್ಲ.

"ಸೆಂಟ್ರಲ್ ಗವರ್ನಮೆಂಟಿನ ನಂಬರ್ ಉಂಟು ನಂಗೆ. ಇವ್ನೆದುರು ನಾನು ಹುಟ್ಟು ಹಾಕುದಾ?"

ಅಂದವರೇ ಹಳೇ ಬಟ್ಟೆಯನ್ನು ಪೆಟ್ರೋಲಿಗೆ ಅದ್ದಿ ಅವಳ ಹೆಸರನ್ನು ಉಜ್ಜಿ ಅಳಿಸಿದರು. ಹೊಸ ಮೋಟಾರು ಹಾಕಿಸಿ ಮುಂದಿನ ಬೇಸಿಗೆಗೆ ಬರುವ ಎಂದರು. ಹುಟ್ಟು ನಾನು ಹಾಕುತ್ತೇನೆ ಅಂದದ್ದಕ್ಕೆ ನನ್ನನ್ನೂ ಗದರಿದರು. ಅಕ್ಕ ಮಾರ್ಕರಿನ ಮುಚ್ಚಳ ಹಾಕಿ, ಹೋಗಿ ಕಾರಿನಲ್ಲಿ ಕೂತಳು. ಮುಂದಿನ ಬೇಸಿಗೆಗೆ ಅವಳು ಇರಲಿಲ್ಲ...

ಹೊಟ್ಟೆ ಉರಿಯುವುದು ಯಾಕೆ ಗೊತ್ತೇ? ಪ್ರತಿ ದೀಪಾವಳಿ ಕೂಟದಲ್ಲೂ ಭಾವ ಈ ಕಥೆ ಹೇಳುತ್ತಾರೆ. ಇಲ್ಲಿಯ ಕಾನೂನು ತನ್ನ ಹೆಂಡತಿಯ ಕೊನೆಯ ಆಸೆ ಈಡೇರಲೂ ಬಿಡಲಿಲ್ಲ ಎನ್ನುತ್ತಾರೆ. ಕೇಳಿದವರೆಲ್ಲ ಲೊಚಗುಟ್ಟಿ ಜರ್ಮನಿಯ ಕಚೇರಿಗಳಿಗೆ ಶಾಪ ಹಾಕುತ್ತಾರೆ. ನಾನು ಪಲಾವ್ ತಟ್ಟೆ ಹಿಡಿದು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಈ ಸಲ ಕೂಟ ಇದ್ದದ್ದು ಪೆಟ್ರೋಲ್ ಬಂಕಿಗೆ ಹೋದ ಮಾರನೆಯ ದಿನ.

"ಹುಟ್ಟು ದೋಣಿಯಲ್ಲೇ ಇತ್ತಲ್ಲ, ಭಾವ," ಅಂದೆ, ಎಲ್ಲರ ಎದುರಿಗೇ.

ಭಾವ ನನ್ನನ್ನು ನೋಡಲಿಲ್ಲ.

"ಗೊತ್ತುಂಟು," ಅಂದರು.

ಗೊತ್ತಿತ್ತು! ಗೊತ್ತಿದ್ದೂ ಇಷ್ಟು ವರ್ಷ ಕಾನೂನನ್ನು ಬೈದರಲ್ಲ. ನನ್ನ ಸಿಟ್ಟು ಇಳಿಯಲಿಲ್ಲ, ಇಳಿಯುವುದೂ ಬೇಡ. ಮನೆಗೆ ಬಂದು ಫ್ರೀಜರ್ ತೆಗೆದೆ. ಅಕ್ಕ ಯಾವಾಗಲೋ ಮೀನುಸಾರು ಹಾಕಿ ಕೊಟ್ಟಿದ್ದ ಡಬ್ಬಿಯ ಮುಚ್ಚಳದ ಮೇಲೆ ಅವಳ ದುಂಡು ಅಕ್ಷರ ಇನ್ನೂ ಇದೆ. ಅದರಲ್ಲೀಗ ನಾನು ತೆಂಗಿನತುರಿ ಇಡುತ್ತೇನೆ. ಆ ಮುಚ್ಚಳವನ್ನು ನಾನೇ ತೊಳೆಯುತ್ತೇನೆ, ಬರೀ ನೀರಿನಲ್ಲಿ. ಮನೆಯಲ್ಲಿ ಬೇರೆ ಯಾರಿಗೂ ಅದನ್ನು ಉಜ್ಜಲು ಬಿಡುವುದಿಲ್ಲ.