ಕೆಳಗಿನ ಚಿಲಕ

ನನ್ನ ಅತ್ತೆ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಎಗರಿ ಬೀಳಬಾರದು. ಅವರು ನನ್ನ ತಂದೆಯ ಅಕ್ಕ. ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಎರಡೂ ಕಾಲಿನ ಬಲ ಹೋಗಿತ್ತು. ಕೈಯೂರಿ, ಕುಳಿತುಕೊಂಡೇ ಸರಿದು ಓಡಾಡುತ್ತಿದ್ದೆ. ಇಲವಾಲದ ನಮ್ಮ ಮನೆಗೆ ಬಂದು, "ನನ್ನ ತಮ್ಮನ ಮಗಳನ್ನ ನನ್ನ ಮಗನಿಗೇ ತಂದ್ಕೋತೀನಿ, ಯಾರೇನಾದ್ರೂ ಅಂದ್ಕೊಳ್ಲಿ ಬುಡಿ" ಎಂದು ಕರೆತಂದವರು ಅವರೇ. ಅವರ ಮಗನಿಗೂ ನನ್ನ ಮೇಲೆ ಆಸೆಯಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಅವರದು ನಜರ್‌ಬಾದಿನಲ್ಲಿ ಮನೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ಗಂಡಹೆಂಡಿರಿಗೆಂದು ಒಂದು ಕೋಣೆ ಕೊಟ್ಟಿದ್ದರು. ಅದರಲ್ಲಿ ಮಲಗುತ್ತಿದ್ದವರು ಮಾತ್ರ ನಾನು ಮತ್ತು ಅತ್ತೆ! ರಾತ್ರಿ ಹಿತ್ತಿಲಿಗೆ ಹೋಗಲು ಜೊತೆ ಬೇಕಲ್ಲ ಎಂದು ಮೊದಲ ದಿನವೇ ಚಾಪೆ ಹಾಸಿದವರು ಅದನ್ನು ಎತ್ತಲೇ ಇಲ್ಲ. ನನ್ನ ಗಂಡ ಜಗಲಿಯ ಮೇಲೆ, ಅವರಪ್ಪನ ಪಕ್ಕ. ಸೈಕಲ್ ಅಂಗಡಿ ಇಟ್ಟಿದ್ದ ಆ ಪುಣ್ಯಾತ್ಮ ಹಗಲೆಲ್ಲ ಗಿರಾಕಿಗಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ, ಅಮ್ಮನ ಮುಂದೆ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಕೋಣೆಯ ಬಾಗಿಲಿಗೆ ಚಿಲಕವೇನೋ ಇತ್ತು, ನನ್ನ ಕೈಗೆ ಎಟುಕದಷ್ಟು ಮೇಲೆ. ಹಾಗಾಗಿ ನಾನು ಸೀರೆ ಉಡುತ್ತಿರುವಾಗಲೂ ಯಾರು ಬೇಕಾದರೂ ನುಗ್ಗುತ್ತಿದ್ದರು. ಪಕ್ಕದ ಮನೆಯಾಕೆಯಂತೂ ಎದುರಿಗೇ ಕುಳಿತು ನನ್ನ ಕಾಲನ್ನು ದಿಟ್ಟಿಸಿ ನೋಡಿ, ಅಯ್ಯೋ ಪಾಪ ಅನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆಗೆ ಹೇಳುವುದು ಹೇಗೆ? ದಿನಾ ನನ್ನನ್ನು ಎತ್ತಿ ಬಚ್ಚಲಲ್ಲಿ ಕೂರಿಸಿ ನೀರು ಹಾಕುವವರು ಅವರು.

ಗೌರಿಹಬ್ಬದ ದಿನ ಬಾಗಿನ ಕೊಡಲು ಬಂದ ಹೆಂಗಸರಲ್ಲಿ ಒಬ್ಬಳು, "ಏನವ್ವಾ, ವರ್ಷ ಆಗ್ತಾ ಬಂತು, ವಿಶೇಷ ಏನೂ ಇಲ್ವಾ?" ಎಂದು ನನ್ನನ್ನು ಛೇಡಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು. "ಇವ್ಳೇ ನನಗೊಂದು ಕೂಸು ಕಣವ್ವಾ. ಇನ್ನು ಇವ್ಳಿಗೊಂದು ಕೂಸು ಯಾಕೆ? ಅದಕ್ಕೇ ತಾನೇ ನಾನು ಅಲ್ಲೇ ಮಲಗೋದು."

ಹಿತ್ತಿಲಿಗೆ ಜೊತೆ ಅನ್ನುವುದು ಬರೀ ನೆಪ! ಇದು ಹೊಳೆದದ್ದೇ ತಡ, ನಾನು ಕೂಗಿಬಿಟ್ಟೆ. "ನನಗೆ ಬಲ ಇಲ್ಲದೆ ಇರೋದು ಕಾಲಲ್ಲಿ ಅತ್ತೆ. ನಾನು ಕೂಸಲ್ಲ, ನಿಮ್ಮ ಮಗನ ಹೆಂಡ್ತಿ. ನನಗೆ ಗಂಡ ಬೇಕು, ಮಕ್ಕಳೂ ಬೇಕು. ಬಾಗಿಲು ಹಾಕ್ಕೊಳೋಕೆ ಒಂದು ಕೋಣೆ ಬೇಕು."

ಹೆಂಗಸರು ತೆಪ್ಪಗೆ ಮೊರ ಎತ್ತಿಕೊಂಡು ಹೊರಟರು. ಅತ್ತೆ ಒಲೆಯ ಮುಂದೆ ಕುಳಿತು ಅತ್ತರು. ಆದರೂ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಎಲ್ಲ ಹೇಳಿದೆ. ಅವರು ಅಂಗಡಿಗೆ ವಾಪಸು ಹೋಗಿ ಸುತ್ತಿಗೆ, ಮೊಳೆ, ಒಂದು ಹೊಸ ಚಿಲಕ ತಂದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತರು. "ಎಲ್ಲಿಗೆ ಬೇಕು ತೋರ್ಸು" ಅಂದರು. ನಾನು ನನ್ನ ಭುಜದ ಎತ್ತರಕ್ಕೆ ಕೈಯಿಟ್ಟೆ.

ಸದ್ದು ಕೇಳಿ ಅತ್ತೆ ಓಡಿ ಬಂದರು. "ಒಳಗಡೆ ಬಿದ್ದುಗಿದ್ದೀಯಲ್ಲೇ, ಆಗ ಬಾಗ್ಲು ತೆಗೆಯೋರು ಯಾರೇ?"

"ನೆಲದ ಮೇಲೇ ಕೂತಿರೋಳು ಇನ್ನೆಲ್ಲಿಗೆ ಬೀಳ್ಲಿ ಅತ್ತೆ?"

ಅಳುತ್ತಿದ್ದ ಮುಖದಲ್ಲೇ ಅವರಿಗೆ ನಗು ಬಂದುಬಿಟ್ಟಿತು. ನನ್ನ ಗಂಡ ತಲೆಯೆತ್ತದೆಯೇ, "ಅವ್ವಾ, ಇವತ್ತಿಂದ ನೀವು ನಡುಮನೇಲಿ ಮಲಗಿ" ಅಂದರು. ಕಿವಿ ಕೆಂಪಾಗಿತ್ತು, ಆದರೂ ಅಂದರು. ಅತ್ತೆ ಒಳಗೆ ಹೋಗಿ ತಮ್ಮ ಚಾಪೆ ಸುತ್ತಿಕೊಂಡು ಬಂದರು.

ಸಂಜೆ ಬಾಗಿಲು ಹಾಕಿ ಚಿಲಕ ಎಳೆದೆ. ನಿಧಾನವಾಗಿ ಸೀರೆ ಬದಲಿಸಿದೆ, ತಲೆ ಬಾಚಿಕೊಂಡೆ. ಯಾರೂ ಬರುವಂತಿಲ್ಲ! ಅಷ್ಟರಲ್ಲಿ ಹೊರಗೆ ಅತ್ತೆಯ ಹೆಜ್ಜೆ ಬಂದು ನಿಂತಿತು. ಒಂದು ಕೆಮ್ಮು. ಆಮೇಲೆ ಮೆಲ್ಲಗೆ, "ಒಳಗೆ ಬರ್ಲೇನಮ್ಮಾ?"

ಹಾಗೆಂದು ನನ್ನನ್ನು ಆವರೆಗೆ ಯಾರೂ ಕೇಳಿರಲಿಲ್ಲ. ನನ್ನ ಕೆಲಸವೆಲ್ಲ ಮುಗಿದು ಸುಮ್ಮನೆ ಕುಳಿತಿದ್ದೆ. ಆದರೂ, "ಸ್ವಲ್ಪ ಇರಿ ಅತ್ತೆ" ಅಂದೆ.

ಅವರು ಬಾಗಿಲಾಚೆ ಕಾಯುತ್ತಾ ನಿಂತರು.