ಅಜ್ಜಿಗೂ ಒಂದು ಶಿಫ್ಟ್

ಗೆಳೆಯರೇ, ಇವತ್ತು ಮಧ್ಯಾಹ್ನ ಅಮೆರಿಕದ ಪ್ಲೇನ್‌ಫೀಲ್ಡ್‌ನ ನಮ್ಮ ಮನೆಯ ಸೋಫಾದ ಮೇಲೆ ಒಬ್ಬ ಇಂಜಿನಿಯರ್‌ನ ಗರ್ವಭಂಗವಾಯಿತು.

ಡಿಯರ್‌ಬಾರ್ನ್‌ನಿಂದ ಬಂದಿರುವ ನನ್ನ ಇಂಜಿನಿಯರ್ ಮೈದುನ ಪ್ರಶಾಂತನೂ ನಾನೂ ಒಂದೇ ಜಪಾನಿ ವಿಡಿಯೋ ಗೇಮನ್ನು ಬೇರೆಬೇರೆಯಾಗಿ ಆಡುತ್ತಿದ್ದೇವೆ. ಎಂಟು ಜನರ ತಂಡ. ಒಂದು ಸಲಕ್ಕೆ ನಾಲ್ವರು ಮಾತ್ರ ಕಾದಾಡಬಹುದು. ಬಲ ಹೆಚ್ಚುವುದೂ ಕಾದಾಡಿದವರಿಗೆ ಮಾತ್ರ. ಡೆಸ್ ಪ್ಲೇನ್ಸ್‌ನ ಗೋದಾಮೊಂದರಲ್ಲಿ ಶಿಫ್ಟ್ ಹಂಚುವುದು ನನ್ನ ಕೆಲಸ. ಹಾಗಾಗಿ ಗೇಮಿನಲ್ಲೂ ಎಲ್ಲರಿಗೂ ಸರದಿ, ತಂಡದಲ್ಲಿ ಮದ್ದು ಅರೆಯುವ ಅಜ್ಜಿಗೂ. ಊರೂರು ಸುತ್ತುತ್ತೇನೆ, ಸಿಕ್ಕ ಗುಹೆಗಳನ್ನೆಲ್ಲ ಹೊಕ್ಕು ಬರುತ್ತೇನೆ.

ಅದನ್ನು ನೋಡಿ ಪ್ರಶಾಂತ ನಕ್ಕ. “ಏನತ್ತಿಗೆ, ಎಂಟೂ ಜನಾನ ಸಾಕ್ತಾ ಇದೀರಾ? ಒಳ್ಳೇ ನಾಲ್ಕು ಜನ ಸಾಕು. ನಾನಾಗ್ಲೇ ಕೊನೇ ಕೋಟೆ ಹತ್ರ ಇದೀನಿ. ನಿಮ್ ಸ್ಪೀಡಲ್ಲಿ ಯಾವಾಗ ಮುಗಿಸ್ತೀರಾ?”

“ನೀನು ಮುಗ್ಸಪ್ಪ, ನೋಡೋಣ” ಎಂದೆ.

ಕೋಟೆಯ ಬಾಗಿಲು ದಾಟಿದ್ದೇ ತಡ, ಅವನ ನಾಲ್ವರು ವೀರರೂ ಸೆರೆಯಾದರು. ಉಳಿದ ನಾಲ್ವರೇ ಹೋರಾಡಿ ಅವರನ್ನು ಬಿಡಿಸಬೇಕು. ಆಟದುದ್ದಕ್ಕೂ ಮೂಲೆಯಲ್ಲಿ ಕೂತಿದ್ದ ಆ ನಾಲ್ವರು ಮೊದಲ ಏಟಿಗೇ ನೆಲಕ್ಕುರುಳಿದರು.

ಐದು ಸಲ ಸೋತ ಮೇಲೆ ಅವನ ದನಿ ಇಳಿಯಿತು. “ಅತ್ತಿಗೆ, ಹಿಂದೆ ಸೇವ್ ಮಾಡಿಟ್ಟಿದ್ದ ಕಡೆಗೆ ವಾಪಸ್ ಹೋಗ್ತೀನಿ. ಅಜ್ಜೀನ ಎಲ್ಲಿಂದ ಶುರು ಮಾಡಿಸ್ಲಿ?”

“ಮೊದಲ್ನೇ ಊರಿನ ಕೆರೆ ಹತ್ರ ಸುಲಭಕ್ಕೆ ಸಾಯೋ ಕಪ್ಪೆಗಳಿವೆ ನೋಡು.”

ಮೂರು ಗಂಟೆಗೇ ಡಿಯರ್‌ಬಾರ್ನ್‌ಗೆ ಹೊರಡಬೇಕಿದ್ದವನು ಇನ್ನೂ ಸೋಫಾ ಬಿಟ್ಟು ಎದ್ದಿಲ್ಲ. ಈಗಷ್ಟೇ ಕಾಫಿಗೆ ಕರೆದೆ.

“ಐದೇ ನಿಮಿಷ ಅತ್ತಿಗೆ, ಅಜ್ಜಿ ಇನ್ನೊಂದು ಕಪ್ಪೆ ಹೊಡೀಲಿ” ಅಂದ.