ಎರಡು ಕೆಳಗಿನಮನೆ

ಪಂಚಾಯ್ತಿಯ ನಕ್ಷೆಗೆ ಮನೆಗಳನ್ನು ಗುರುತಿಸುವ ಕೆಲಸ ಸಿಕ್ಕಿದಾಗ, ಇದರಲ್ಲಿ ಕಷ್ಟವೆಂದರೆ ಗುಡ್ಡ ಹತ್ತುವುದೊಂದೇ ಎಂದುಕೊಂಡಿದ್ದೆ. ಶೃಂಗೇರಿ ಕಡೆ ಊರೆಂದರೆ ಸಾಲುಮನೆಗಳಲ್ಲ. ಗದ್ದೆಯಾಚೆ ಒಂದು, ದಿಬ್ಬದ ಮೇಲೆ ಒಂದು. ಪ್ರತಿ ಅಂಗಳದಲ್ಲೂ ನಿಂತು, ಮೊಬೈಲಿನಲ್ಲಿ ಒಂದು ಚುಕ್ಕೆ ಒತ್ತಿ, ಮನೆಯ ಹೆಸರು ಬರೆಯಬೇಕು.

ಅಡ್ಡಗದ್ದೆಯಿಂದ ಒಳಗಿನ ಒಂದು ಹಳ್ಳಿಯಲ್ಲಿ ಮೇಲಿನಮನೆ ಮುಗಿಸಿ ಕೆಳಗಿನಮನೆಗೆ ಬಂದೆ. ಅಲ್ಲಿನ ಅಮ್ಮ ಕಾಫಿ ಕೊಟ್ಟರು. ಹೆಸರು ಬರೆದುಕೊಂಡು ಗದ್ದೆ ಇಳಿದರೆ ಅಲ್ಲೊಂದು ತಾರಸಿ ಮನೆ. ಪಾಲಾದ ಮೇಲೆ ಆ ಅಮ್ಮನ ಮೈದುನ ಕಟ್ಟಿಸಿದ್ದು. ಮೈದುನನ ಹೆಂಡತಿ ಬಾಗಿಲಿಗೆ ಬಂದು, “ಬರ್ಕೊಳ್ಳಿ, ಕೆಳಗಿನಮನೆ” ಎಂದರು.

“ಅದು ಮೇಲಿರೋ ನಿಮ್ಮ ಅಕ್ಕನ ಮನೆ ಹೆಸರಲ್ವಾ?”

“ಹೌದು. ಆದ್ರೆ ಅವರಿಗಿಂತ ಕೆಳಗಿರೋದು ನಾವಲ್ವಾ? ನಕ್ಷೆಯಲ್ಲಿ ಸುಳ್ಳು ಬರೀಬಾರ್ದು.”

ಮಾತು ಗದ್ದೆ ದಾಟಿ ಕೇಳಿಸಿತೋ ಏನೋ, ಹಿರಿಯ ಓರಗಿತ್ತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇಳಿದು ಬಂದರು.

“ನನ್ನ ಮದುವೆ ಕಾಗದದಲ್ಲೇ ಕೆಳಗಿನಮನೆ ಅಂತ ಉಂಟು. ಈಗ ನಾನು ಎಲ್ಲಿಗೆ ಹೋಗ್ಲಿ?”

“ನಿಮ್ಮದು ಮಧ್ಯದ ಮನೆ ಆಗ್ತದೆ, ಅಕ್ಕ.”

“ಮಧ್ಯದವರಾದ್ರೆ ಎರಡೂ ಕಡೆ ಜಗಳ ಬಿಡಿಸ್ಬೇಕು. ನಂಗೆ ಬೇಡ.”

“ಹಾಗಾದ್ರೆ ಇದಕ್ಕೆ ಹೊಸಮನೆ ಅನ್ನೋಣ” ಎಂದೆ. ಇಬ್ಬರೂ ಒಟ್ಟಿಗೇ ನನ್ನನ್ನು ಕನಿಕರದಿಂದ ನೋಡಿದರು. ಹೊಸಮನೆ ಗುಡ್ಡದಾಚೆ ಮೊದಲೇ ಇತ್ತು. ಊರಿನಲ್ಲೆಲ್ಲ ಹಳೆಯ ಮನೆ ಅದೇ ಅಂತೆ.

ಕಿರಿಯವರು ಕಡುಬು ತಂದಿಟ್ಟರು. ಅದನ್ನು ತಿಂದು ಮುಗಿಸುವಷ್ಟರಲ್ಲಿ ಇನ್ನೂ ನಾಲ್ಕಾರು ಹೆಸರು ಹುಟ್ಟಿ ಸತ್ತವು. ಕೊನೆಗೆ ಕಿರಿಯವರೇ ಹಿತ್ತಲ ಕಡೆ ನೋಡಿ, “ಹೊಳೆ ಇಲ್ಲೇ ಪಕ್ಕದಲ್ಲಿ ಉಂಟಲ್ಲ, ಹೊಳೆಮನೆ ಅಂತ ಬರೀರಿ” ಎಂದರು.

ಬರೆದೆ. ಗೆದ್ದ ಹಿರಿಯವರ ಮುಖದಲ್ಲಿ ಗೆಲುವಿರಲಿಲ್ಲ. ಹೊಳೆಮನೆ, ಹೊಳೆಮನೆ ಎಂದು ಎರಡು ಸಲ ಹೇಳಿಕೊಂಡು ನನ್ನತ್ತ ತಿರುಗಿದರು. “ಹೆಸರು ಚಂದ ಉಂಟು ಮಾರಾಯ್ತಿ. ಇಷ್ಟು ವರ್ಷ ನಮಗೆ ಹೊಳೀಲೇ ಇಲ್ಲ ನೋಡು.”

ನಕ್ಷೆಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ ಮೇಲೆ ಹಿರಿಯವರು ಒಂದು ದಿನ ನೋಡಲು ಬಂದರು. ಕನ್ನಡಕ ಏರಿಸಿ ತಮ್ಮ ಮನೆಯನ್ನು ಹುಡುಕಿದರು, ಆಮೇಲೆ ಓರಗಿತ್ತಿಯದನ್ನು.

“ಎಂತ ಇದು, ಹೊಳೆಯೇ ಇಲ್ವಲ್ಲ?”

ನಕ್ಷೆಯಲ್ಲಿ ಇದ್ದದ್ದು ಮನೆ, ದಾರಿ ಮಾತ್ರ. ಅವರ ಸಮಾಧಾನಕ್ಕೆಂದು ನೀಲಿ ಪೆನ್ನಿನಿಂದ ಒಂದು ಗೆರೆ ಎಳೆಯತೊಡಗಿದೆ. ಅವರು ನನ್ನ ಮೊಣಕೈಯನ್ನು ಮೆಲ್ಲಗೆ ತಳ್ಳಿದರು.

“ಸ್ವಲ್ಪ ನಮ್ಮ ಬದಿಗೂ ತಿರುಗಿಸು. ಅಲ್ಲೊಂದು ತಿರುವು ಉಂಟು.”

ತಿರುವು ಇದ್ದದ್ದು ನಿಜ. ನಾನು ಎಳೆದಷ್ಟು ದೊಡ್ಡದೇನೂ ಇರಲಿಲ್ಲ.